ಗ್ರಾಮಾಂತರವೆಂದರೇನು?

2025ನೆಯ ಇಸವಿ ಜುಲೈ 2ನೆಯ ತಾರೀಖಿನಲ್ಲಿ ನಂದಿಬೆಟ್ಟದ ಮೇಲೆ ಸಭೆ ಸೇರಿದ ನಮ್ಮ ರಾಜ್ಯದ ಮಂತ್ರಿಮಂಡಲದವರು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಜಿಲ್ಲೆಯೆಂದು ಕರೆಯತಕ್ಕದ್ದೆಂದು ನಿರ್ಣಯಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಗೊತ್ತುಮಾಡಿದ್ದರು. ಹೆಸರು ಬದಲಾದರೆ ಬಂಡವಾಳ ಬರುವುದೆಂದು ಸಂತೋಷಪಟ್ಟವರುಂಟು; ಹೆಸರಿನಿಂದ ಹೊಟ್ಟೆ ತುಂಬುವುದೇ ಎಂದು ನಕ್ಕವರೂ ಉಂಟು. ಆದರೆ ತೆಗೆದುಹಾಕಬೇಕೆಂದು ನಿಶ್ಚಯಿಸಲ್ಪಟ್ಟ ಆ ಶಬ್ದದ ಅರ್ಥವೇನಾಗಿತ್ತು, ಅದು ಇದ್ದುದರಿಂದ ಯಾರಿಗೆ ಏನು ದೊರೆಯುತ್ತಿತ್ತು ಎಂಬುದನ್ನು ವಿಚಾರಿಸಿದವರು ವಿರಳ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆಗೆ ಹೊಂದಿಕೊಂಡಿರುವ ಸಾಸಲು ಹೋಬಳಿಯ ಒಕ್ಕಲಿಗೆ ಈ ವಿಚಾರವು ವ್ಯಾಕರಣದ ಕಾಲಕ್ಷೇಪವಲ್ಲ. ಅವನ ಮಗಳ ಓದಿಗೂ ಅವನ ಹೊಲದ ಬೆಲೆಗೂ ಸಂಬಂಧಿಸಿದ ವಿಷಯವಾಗಿರುತ್ತದೆ. ಆದುದರಿಂದ ಅದನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬೇಕಾಗಿದೆ.

ಗ್ರಾಮಾಂತರವೆಂಬುದು ಇಂಗ್ಲಿಷಿನ ರೂರಲ್ ಎಂಬ ವಿಶೇಷಣಕ್ಕೆ ನಾವು ಮಾಡಿಕೊಂಡ ಪ್ರತಿಶಬ್ದ. ಪಾಠಶಾಲೆಯಲ್ಲಿ ಸಮಾಸಪ್ರಕರಣವನ್ನು ಓದಿದ ಹುಡುಗನನ್ನು ಕೇಳಿದರೆ ದೇಶಾಂತರವೆಂದರೆ ಬೇರೆ ದೇಶ, ಜನ್ಮಾಂತರವೆಂದರೆ ಬೇರೆ ಜನ್ಮ, ರೂಪಾಂತರವೆಂದರೆ ಬೇರೆ ರೂಪವೆಂದು ಹೇಳುವನು. ಅದೇ ನ್ಯಾಯದಿಂದ ಗ್ರಾಮಾಂತರವೆಂದರೆ ಬೇರೊಂದು ಗ್ರಾಮವೆಂದಾಗುವುದೇ ಹೊರತು ಗ್ರಾಮಕ್ಕೆ ಸಂಬಂಧಿಸಿದ್ದೆಂದು ಆಗುವುದಿಲ್ಲ. ಗ್ರಾಮ ಶಬ್ದದಿಂದ ವಿಶೇಷಣವನ್ನು ಸಾಧಿಸುವುದಕ್ಕೆ ಪಾಣಿನಿ ಮಹರ್ಷಿಗಳು ಎರಡು ಪ್ರತ್ಯಯಗಳನ್ನೇ ವಿಧಿಸಿದ್ದಾರೆ. ಅವುಗಳಿಂದ ಗ್ರಾಮ್ಯ ಮತ್ತು ಗ್ರಾಮೀಣ ಎಂಬ ಎರಡು ರೂಪಗಳಾಗುತ್ತವೆ. ಸರ್ಕಾರದವರಿಗೆ ಇದು ತಿಳಿಯದುದೇನೂ ಅಲ್ಲ. ಪಂಚಾಯತಿಗಳನ್ನು ನೋಡಿಕೊಳ್ಳುವ ಇಲಾಖೆಯ ಹೆಸರಿನಲ್ಲಿ ಗ್ರಾಮೀಣಾಭಿವೃದ್ಧಿಯೆಂದೇ ಬರೆಯುತ್ತಾರೆ. ಒಂದೇ ಇಂಗ್ಲಿಷು ಶಬ್ದಕ್ಕೆ ಇಲಾಖೆಯಲ್ಲಿ ಒಂದು ಮಾತು, ಜಿಲ್ಲೆಯಲ್ಲಿ ಮತ್ತೊಂದು ಮಾತು. ರೂಢಿಯು ಶಾಸ್ತ್ರಕ್ಕಿಂತ ಬಲವಾದುದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಈ ತಪ್ಪು ಪ್ರಯೋಗದಲ್ಲಿ ಒಂದು ಸತ್ಯವು ತಾನಾಗಿಯೇ ಹೊರಬಿದ್ದಿದೆ. ಬೆಂಗಳೂರಿನಲ್ಲಿ ಕುಳಿತು ನೋಡತಕ್ಕವರಿಗೆ ಅದು ಬೇರೆಯವರ ಊರು, ತಮ್ಮದಲ್ಲದ್ದು.

ಈ ದೃಷ್ಟಿಯು ನಮ್ಮ ದೇಶದಲ್ಲಿಯೇ ಹುಟ್ಟಿದ್ದೆಂದಾಗಲಿ ಇಂಗ್ಲಿಷರೊಬ್ಬರೇ ತಂದದ್ದೆಂದಾಗಲಿ ಹೇಳಲಾಗುವುದಿಲ್ಲ. ಹಳ್ಳಿಗಾಡೆಂಬ ಅರ್ಥದ ಒಂದೇ ಲ್ಯಾಟಿನ್ ಮೂಲದಿಂದ ರೂರಲ್ ಎಂಬ ಸಭ್ಯವಾದ ವಿಶೇಷಣವೂ ರಸ್ಟಿಕ್ ಎಂಬ ಒರಟುತನದ ವಿಶೇಷಣವೂ ಹುಟ್ಟಿದವು. ನಗರವೆಂಬ ಅರ್ಥದ ಮೂಲದಿಂದ ಅರ್ಬನ್ ಎಂಬುದೂ, ನಯವಿನಯವುಳ್ಳವನೆಂಬ ಅರ್ಥದ ಅರ್ಬೇನ್ ಎಂಬುದೂ ಬಂದವು. ವಿಲೇಜ್ ಎಂಬ ಶಬ್ದದ ಮೂಲವೇ ವಿಲನ್ ಎಂಬ ಶಬ್ದದ ಮೂಲವೂ ಆಗಿದೆಯೆಂದರೆ ಸಿನಿಮಾ ನೋಡುವ ನಮ್ಮ ಜನರಿಗೆ ಆಶ್ಚರ್ಯವಾದೀತು. ಆದರೆ ಮಾತು ನಿಜ. ಜಮೀನ್ದಾರನ ಭೂಮಿಯಲ್ಲಿ ದುಡಿಯುವ ರೈತನಿಗಿದ್ದ ಹೆಸರು ಕಾಲಕ್ರಮದಲ್ಲಿ ದುಷ್ಟನ ಹೆಸರಾಯಿತು. ನಮ್ಮಲ್ಲಿಯೂ ಹಾಗೆಯೇ. ಪಾಣಿನಿಯ ಎರಡು ರೂಪಗಳಲ್ಲಿ ಗ್ರಾಮ್ಯವೆಂಬುದನ್ನು ಆಲಂಕಾರಿಕರು ಕಾವ್ಯದೋಷದ ಪಟ್ಟಿಯಲ್ಲಿ ಸೇರಿಸಿದರು. ನಗರದಲ್ಲಿರುವವನು ನಾಗರಿಕ; ಅವನ ನಡತೆಯೇ ನಾಗರಿಕತೆ. ಸಾಸಲಿನ ರೈತನು ಮತದಾನ ಮಾಡುವಾಗ ಅವನನ್ನೂ ನಾವು ಭಾರತದ ನಾಗರಿಕನೆಂದೇ ಕರೆಯಬೇಕಾಗಿದೆ. ಹಳ್ಳಿಯವನಾಗಿಯೇ ದೇಶದ ಪ್ರಜೆಯಾಗಿರುವುದಕ್ಕೆ ಭಾಷೆಯಲ್ಲಿ ಅವನಿಗೊಂದು ಮಾತಿಲ್ಲ. ಗುಣವಾಚಕಗಳನ್ನು ಹಂಚುವ ಲೇಖನಿಯು ನಗರದಲ್ಲಿತ್ತು. ಒಳ್ಳೆಯವೆಲ್ಲ ಅಲ್ಲಿಯೇ ಉಳಿದುವು.

ಇನ್ನು ಜಿಲ್ಲೆಯ ಚರಿತ್ರೆಯನ್ನು ನೋಡೋಣ. 1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯನ್ನು ಇಬ್ಭಾಗ ಮಾಡಿ ನಗರ ಜಿಲ್ಲೆ, ಗ್ರಾಮಾಂತರ ಜಿಲ್ಲೆಗಳೆಂದು ಕರೆದರು. ಆಗ ಗ್ರಾಮಾಂತರಕ್ಕೆ ಎಂಟು ತಾಲ್ಲೂಕುಗಳಿದ್ದವು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಪ್ರತ್ಯೇಕ ಜಿಲ್ಲೆಯಾಗಿ ಹೋದಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳೆಂಬ ನಾಲ್ಕೇ ಉಳಿದುವು. ಗ್ರಾಮಾಂತರವೆಂದು ಹೆಸರಿಟ್ಟ ಈ ಜಿಲ್ಲೆಯ ಜಿಲ್ಲಾಧಿಕಾರಿಗಳ ಕಚೇರಿಯು ಸುಮಾರು ಮೂರು ದಶಕಗಳ ಕಾಲ ಬೆಂಗಳೂರು ನಗರದ ನಡುವೆ, ಅಂಬೇಡ್ಕರ್ ವೀಧಿಯ ವಿಶ್ವೇಶ್ವರಯ್ಯ ಗೋಪುರದ ಮಗ್ಗುಲಲ್ಲಿತ್ತು. ಸಾಸಲಿನವನು ತನ್ನ ಗ್ರಾಮಾಂತರ ಜಿಲ್ಲೆಯ ಮುಖ್ಯಸ್ಥಾನವನ್ನು ಕಾಣಬೇಕಾದರೆ ಜಿಲ್ಲೆಯನ್ನೇ ದಾಟಿ ರಾಜಧಾನಿಗೆ ಹೋಗಬೇಕಾಗಿತ್ತು. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನವಾದಮೇಲೆಯೇ ಈ ಅಸಂಗತಿ ತೀರಿತು.

ಹೆಸರಿನ ಅಸಂಗತಿ ಅಲ್ಲಿಗೇ ಮುಗಿಯಲಿಲ್ಲ. ಬೆಂಗಳೂರು ಗ್ರಾಮಾಂತರವೆಂಬ ಲೋಕಸಭಾ ಕ್ಷೇತ್ರವೊಂದುಂಟು. 2008ರ ಕ್ಷೇತ್ರ ಪುನರ್ವಿಂಗಡಣೆಯ ಪ್ರಕಾರ ಅದರಲ್ಲಿ ಕುಣಿಗಲು, ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ, ಆನೇಕಲ್ಲು, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರಗಳು ಸೇರಿವೆ. ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಒಂದೂ ಸೇರಿಲ್ಲ. ಆ ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿದವು. ಸರಿ, ಉತ್ತರವೆಂದರೆ ಸ್ಪಷ್ಟವಾದೀತೇ? ಬೆಂಗಳೂರು ಉತ್ತರವೆಂಬ ತಾಲ್ಲೂಕು ನಗರ ಜಿಲ್ಲೆಯಲ್ಲಿ ಮೊದಲಿನಿಂದಲೂ ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವಿದೆ. 2025ರಲ್ಲಿ ರಾಜಧಾನಿಯನ್ನು ಐದು ನಗರಪಾಲಿಕೆಗಳಾಗಿ ವಿಂಗಡಿಸಿದಾಗ ಅವುಗಳಲ್ಲಿ ಒಂದಕ್ಕೂ ಅದೇ ಹೆಸರಾಯಿತು. ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವಾದರೋ ಕೋಲಾರದಲ್ಲಿ ನೆಲೆಸಿದೆ. ಅರ್ಥಗೆಟ್ಟ ಒಂದು ವಿಶೇಷಣವನ್ನು ಬಿಟ್ಟು, ನಾಲ್ಕು ಕಡೆ ನಾಲ್ಕು ಅರ್ಥವುಳ್ಳ ಮತ್ತೊಂದನ್ನು ಹಿಡಿದಂತಾಗುತ್ತದೆ.

ಆದರೆ ಹೆಸರಿನ ಹಲಗೆಯ ಮೇಲಿರುವ ರೂರಲ್ ಬೇರೆ, ಕಾನೂನಿನ ಪುಸ್ತಕದಲ್ಲಿರುವ ರೂರಲ್ ಬೇರೆ. ಜನಗಣತಿಯವರ ಗ್ರಂಥಗಳಲ್ಲಿ ಅರ್ಬನ್ ಎಂಬುದಕ್ಕೆ ಲಕ್ಷಣವಿದೆ. ನಗರಪಾಲಿಕೆ, ಪುರಸಭೆ ಮೊದಲಾದವುಗಳು ಇರುವ ಸ್ಥಳಗಳು ನಗರ. ಅಲ್ಲದೆ 5,000ಕ್ಕೆ ಕಡಮೆಯಿಲ್ಲದ ಜನಸಂಖ್ಯೆಯೂ, ಪ್ರಧಾನವಾಗಿ ದುಡಿಯುವ ಗಂಡಸರಲ್ಲಿ ಶೇಕಡ 75ಕ್ಕೆ ಕಡಮೆಯಿಲ್ಲದಷ್ಟು ಮಂದಿಗೆ ಬೇಸಾಯವಲ್ಲದ ವೃತ್ತಿಯೂ, ಚದರ ಕಿಲೋಮೀಟರಿಗೆ 400ಕ್ಕೆ ಕಡಮೆಯಿಲ್ಲದ ಜನಸಾಂದ್ರತೆಯೂ ಇರುವ ಊರು ನಗರವೆನಿಸುತ್ತದೆ. ಹಾಗಾದರೆ ರೂರಲ್ ಎಂದರೇನು? ಇವಾವುದೂ ಅಲ್ಲದ್ದೆಲ್ಲವೂ ರೂರಲ್. ಎಂದರೆ ಅದಕ್ಕೆ ಸ್ವಂತವಾದ ಲಕ್ಷಣವಿಲ್ಲ. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ಅಭಾವರೂಪವಾದ ಪದಾರ್ಥ. ಕೆರೆಯಿಂದಾಗಲಿ ಹೊಲದಿಂದಾಗಲಿ ಗೋಮಾಳದಿಂದಾಗಲಿ ಗ್ರಾಮಸಭೆಯಿಂದಾಗಲಿ ಅದನ್ನು ಗುರುತಿಸಿಲ್ಲ, ನಗರವಿಲ್ಲದಿರುವುದರಿಂದಲೇ ಗುರುತಿಸಿದ್ದಾರೆ. 2011ರ ಗಣತಿಯಲ್ಲಿ ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 9,90,923. ಅವರಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಂದಿ ಈ ಲಕ್ಷಣದ ಪ್ರಕಾರ ನಗರವಾಸಿಗಳು.

ಒಂದೊಂದು ಕಚೇರಿಯು ಒಂದೊಂದು ಅಳತೆಗೋಲನ್ನು ಹಿಡಿದಿರುವುದು ಮತ್ತೂ ವಿಚಿತ್ರವಾಗಿದೆ. ರಿಸರ್ವ್ ಬ್ಯಾಂಕಿನವರಿಗೆ 10,000ಕ್ಕಿಂತ ಕಡಮೆ ಜನವಿರುವ ಸ್ಥಳವು ರೂರಲ್. ಆದಕಾರಣ 7,000 ಜನರಿರುವ ಊರು ಜನಗಣತಿಗೆ ಪಟ್ಟಣವಾಗಿಯೂ ಬ್ಯಾಂಕಿಗೆ ಹಳ್ಳಿಯಾಗಿಯೂ ಇರಬಹುದು. ವರಮಾನ ತೆರಿಗೆಯವರು ಪುರಸಭೆಯ ಎಲ್ಲೆಯಿಂದ 2, 6 ಅಥವಾ 8 ಕಿಲೋಮೀಟರುಗಳನ್ನು ಅಳೆದು, ಅದರಾಚೆಯ ಬೇಸಾಯದ ಭೂಮಿಯನ್ನು ಬೇರೆಯಾಗಿ ಎಣಿಸುತ್ತಾರೆ. ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ, ರಾಜ್ಯಪಾಲರು ಪ್ರಕಟಣೆಯ ಮೂಲಕ ಯಾವುದನ್ನು ಗ್ರಾಮವೆಂದು ನಿರ್ದೇಶಿಸುವರೋ ಅದೇ ಗ್ರಾಮವೆಂದಾಯಿತು. ಅದೇ ವರ್ಷ ಜಾರಿಗೆ ಬಂದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಗ್ರಾಮದಿಂದ ನಗರಕ್ಕೆ ಪರಿವರ್ತನೆ ಹೊಂದುತ್ತಿರುವ ಪ್ರದೇಶವೆಂಬ ಮೂರನೆಯದೊಂದನ್ನು ಕಲ್ಪಿಸಿ, ಅದಕ್ಕೆ ಪಟ್ಟಣ ಪಂಚಾಯತಿಯನ್ನು ವಿಧಿಸಿತು. ನಗರದಿಂದ ಗ್ರಾಮಕ್ಕೆ ಪರಿವರ್ತನೆ ಹೊಂದುವ ಪ್ರದೇಶವೆಂಬುದು ಕಾನೂನಿನಲ್ಲಿಲ್ಲ. ದಾರಿಯು ಒಂದೇ ಕಡೆಗೆ ಹೋಗುತ್ತದೆಂದು ಮೊದಲೇ ತೀರ್ಮಾನವಾಗಿದೆ.

ಈ ವಿಶೇಷಣದಿಂದ ಜನರಿಗೆ ಆಗುವುದೇನೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುತ್ತೇವೆ. ಮೊದಲನೆಯದು ವಿದ್ಯೆ. ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣದ ಕಾಲೇಜುಗಳ ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆಂದು ಶೇಕಡ 15 ಸ್ಥಾನಗಳನ್ನು ಮೀಸಲಾಗಿ ಇಟ್ಟಿದ್ದಾರೆ. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಹತ್ತು ವರ್ಷಗಳನ್ನೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕೆಂಬುದು ನಿಯಮ. ಉದ್ದೇಶವು ಶ್ಲಾಘ್ಯವಾದದ್ದು. ಆದರೆ ಇಲ್ಲಿ ರೂರಲ್ ಎಂಬ ವಿಶೇಷಣವು ಅಂಟಿಕೊಂಡಿರುವುದು ಮಗುವಿಗಲ್ಲ, ಶಾಲೆಯ ಕಟ್ಟಡವಿರುವ ಎಲ್ಲೆಗೆ. ಸಾಸಲು ಹೋಬಳಿಯ ಬಾಲಕಿಯೊಬ್ಬಳು ಒಳ್ಳೆಯ ಪ್ರೌಢಶಾಲೆಗಾಗಿ ದೊಡ್ಡಬಳ್ಳಾಪುರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬಂದು ಒಂದು ವರ್ಷ ಓದಿದರೂ ಅವಳ ಗ್ರಾಮೀಣತ್ವವು ನಷ್ಟವಾಯಿತು. ಅವಳ ಮನೆ, ಹೊಲ, ಬಡತನಗಳು ಇದ್ದಲ್ಲಿಯೇ ಇದ್ದರೂ ಸರಿ. ದೊಡ್ಡಬಳ್ಳಾಪುರದ ನೇಕಾರನ ಮಗನಿಗೆ ಅವನ ಜಿಲ್ಲೆಯ ಹೆಸರಿನಲ್ಲಿ ಗ್ರಾಮಾಂತರವೆಂದಿದ್ದುದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಅವನ ಶಾಲೆಯಿರುವುದು ನಗರಸಭೆಯ ಎಲ್ಲೆಯಲ್ಲಿ. ಆ ಪಟ್ಟಣದ ಪಕ್ಕದ ಬಾಶೆಟ್ಟಿಹಳ್ಳಿಯು ಗ್ರಾಮ ಪಂಚಾಯತಿಯಾಗಿದ್ದುದು ಪಟ್ಟಣ ಪಂಚಾಯತಿಯಾಗಿದೆ. ಇಂಥ ಬದಲಾವಣೆಯು ನಡೆದಾಗ ಬೀದಿಯ ದೀಪ, ಕಂದಾಯದ ದರಗಳು ಮಾತ್ರ ಬದಲಾಗುವುವೆಂದು ಜನರು ತಿಳಿಯುತ್ತಾರೆ. ಮುಂದೆ ಅಲ್ಲಿ ಓದತಕ್ಕ ಮಕ್ಕಳ ವಿಶೇಷಣವೂ ಬದಲಾಯಿತೆಂದು ಹೇಳುವವರಿಲ್ಲ.

ಎರಡನೆಯದು ಭೂಮಿ. 2013ರ ಭೂಸ್ವಾಧೀನ ಕಾನೂನಿನ ಮೊದಲನೆಯ ಅನುಸೂಚಿಯನ್ನು ನಮ್ಮ ರೈತರು ಓದಿ ಬಾಯಿಪಾಠ ಮಾಡಬೇಕು. ಅದರ ಪ್ರಕಾರ ನಗರ ಪ್ರದೇಶದಲ್ಲಿ ಭೂಮಿಯ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಗುಣಿಸತಕ್ಕದ್ದು. ಗ್ರಾಮೀಣ ಪ್ರದೇಶದಲ್ಲಿ ನಗರದಿಂದಿರುವ ದೂರವನ್ನನುಸರಿಸಿ ಒಂದರಿಂದ ಎರಡರವರೆಗೆ, ರಾಜ್ಯ ಸರ್ಕಾರವು ಗೊತ್ತುಮಾಡಿದ ಅಂಕಿಯಿಂದ ಗುಣಿಸತಕ್ಕದ್ದು. ಅದರ ಮೇಲೆ ಶೇಕಡ ನೂರರಷ್ಟು ಸಾಂತ್ವನಧನವನ್ನು ಸೇರಿಸತಕ್ಕದ್ದು. ಮರದ ಬೆಲೆ ಮನೆಯ ಬೆಲೆಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಮಾರುಕಟ್ಟೆಯ ಒಂದು ರೂಪಾಯಿಗೆ ನಗರದವನಿಗೆ ಎರಡು ರೂಪಾಯಿ, ಅತಿ ದೂರದ ಹಳ್ಳಿಯವನಿಗೆ ನಾಲ್ಕು ರೂಪಾಯಿಯವರೆಗೆ ಆಗಬಹುದು. ಹಳ್ಳಿಯಲ್ಲಿ ಕಾಗದದ ಮೇಲಣ ಬೆಲೆಯು ನಿಜವಾದ ಬೆಲೆಗಿಂತ ಬಹು ಕಡಮೆಯಾಗಿರುವುದೆಂಬ ಅರಿವಿನಿಂದಲೇ ಶಾಸನಕಾರರು ಹೀಗೆ ಮಾಡಿದರು. ನೋಡಿರಿ, ಇಲ್ಲಿ ವಿಶೇಷಣವು ಗುಣಾಕಾರದ ಅಂಕಿಯಾಗಿ ಪರಿಣಮಿಸಿತು. ವ್ಯಾಕರಣದಲ್ಲಿ ವಿಶೇಷಣಕ್ಕೆ ಗುಣವಾಚಕವೆಂಬ ಹೆಸರಿರುವುದು ಇಷ್ಟು ಅಕ್ಷರಶಃ ಸತ್ಯವಾಗುವುದು ಅಪರೂಪ.

ಸಾಸಲು ಸೀಮೆಗೆ ಇದು ಪರೋಕ್ಷವಾದ ವಿಚಾರವಲ್ಲ. ಎತ್ತಿನಹೊಳೆ ಯೋಜನೆಯ ನೀರನ್ನು ಸಂಗ್ರಹಿಸುವುದಕ್ಕಾಗಿ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಕಡೆಯ ಭೂಮಿಯನ್ನೂ ದೊಡ್ಡಬಳ್ಳಾಪುರ ತಾಲ್ಲೂಕಿನ ಲಕ್ಕೇನಹಳ್ಳಿ ಕಡೆಯ ಭೂಮಿಯನ್ನೂ ಗೊತ್ತುಮಾಡಿದಾಗ, ಎರಡು ಕಡೆಯ ಪರಿಹಾರಗಳ ತಾರತಮ್ಯವೇ ದೊಡ್ಡ ತೊಡಕಾಗಿ ಕೆಲಸವು ವರ್ಷಗಟ್ಟಲೆ ನಿಂತಿತು. ಒಂದು ಕಡೆ ತುಮಕೂರು ಜಿಲ್ಲೆ, ಮತ್ತೊಂದು ಕಡೆ ಬೆಂಗಳೂರಿನ ಹೆಸರುಳ್ಳ ಜಿಲ್ಲೆ. ಮಳೆ ಒಂದೇ, ಮಣ್ಣು ಒಂದೇ, ಬೆಳೆಯುವ ರಾಗಿ ಒಂದೇ. ಮುಳುಗಿಸುವ ನೀರೂ ಒಂದೇ. ಬೆಲೆ ಮಾತ್ರ ಎರಡು. ಬೆಂಗಳೂರೆಂಬ ನಾಮಪದವು ಭೂಮಿಯ ಬೆಲೆಯನ್ನು ಏರಿಸುತ್ತದೆ. ಗ್ರಾಮೀಣವೆಂಬ ವಿಶೇಷಣವು ಪರಿಹಾರವನ್ನು ಗುಣಿಸುತ್ತದೆ. ಆ ಎರಡೂ ತನ್ನ ಕೈಯಲ್ಲಿರುವಷ್ಟು ಕಾಲ ಸಾಸಲಿನವನ ಮಾತಿಗೆ ಸ್ವಲ್ಪ ಬೆಲೆಯುಂಟು.

ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜಿಲ್ಲೆಯ ಹೆಸರಿನಿಂದ ಗ್ರಾಮಾಂತರವನ್ನು ತೆಗೆದ ಮಾತ್ರದಿಂದ ಕಾನೂನಿನ ಹಕ್ಕು ಯಾವುದೂ ಹೋಗುವುದಿಲ್ಲ. ಮೀಸಲು ಸ್ಥಾನವಾಗಲಿ ಭೂಪರಿಹಾರವಾಗಲಿ ಪಂಚಾಯತಿ ಪುರಸಭೆಗಳ ಎಲ್ಲೆಗಳನ್ನು ಅನುಸರಿಸುತ್ತವೆಯೇ ಹೊರತು ಜಿಲ್ಲೆಯ ಹೆಸರನ್ನಲ್ಲ. ಹೋಗುತ್ತದೆಂದು ಹೇಳಿ ಜನರನ್ನು ಹೆದರಿಸುವುದು ಪತ್ರಿಕಾಧರ್ಮವಲ್ಲ. ನಮ್ಮ ಆಕ್ಷೇಪಣೆಯು ಬೇರೆಯದು. ಹೆಸರು ಉದ್ದೇಶದ ಸೂಚನೆ. ಮೊದಲು ಗ್ರಾಮಾಂತರವೆಂದಾಗ ನಗರವಲ್ಲದ್ದೆಂದು ಅರ್ಥಮಾಡಿದರು. ಈಗ ಉತ್ತರವೆಂದಾಗ ನಗರದ ಒಂದು ದಿಕ್ಕೆಂದು ಅರ್ಥವಾಗುತ್ತದೆ. ಎರಡರಲ್ಲಿಯೂ ಅಳತೆಯ ಕಂಬವು ಬೆಂಗಳೂರಿನಲ್ಲಿಯೇ ನೆಟ್ಟಿದೆ. ಮೊದಲನೆಯ ಹೆಸರಿನಲ್ಲಿ ಗ್ರಾಮವೆಂಬ ಎರಡಕ್ಷರಗಳಾದರೂ ಇದ್ದವು. ಎರಡನೆಯದರಲ್ಲಿ ಅವೂ ಇಲ್ಲ. 2008ರಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ದೇವನಹಳ್ಳಿ ಸೀಮೆಯ ಹೊಲಗಳನ್ನು ಬರಲಿರುವ ಬಡಾವಣೆಗಳೆಂದೇ ಕಾಣುವ ಕಣ್ಣು ಹೆಚ್ಚಿದೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಗಳಿಗೂ ಮೇಲ್ಪಟ್ಟು ಹಿಡಿದ ಸತ್ಯಾಗ್ರಹದ ಫಲವಾಗಿ 1,777 ಎಕರೆಗಳ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದ್ದು 2025ರ ಜುಲೈ 15ರಂದು. ನಂದಿಬೆಟ್ಟದ ನಿರ್ಣಯವಾದ ಹದಿಮೂರನೆಯ ದಿನ. ತಾವು ನಗರದ ಕಾಯ್ದಿಟ್ಟ ನೆಲವಲ್ಲ, ಬಾಳುತ್ತಿರುವ ಊರುಗಳೆಂದು ಆ ರೈತರು ಹೇಳಿದರು. ವಿಶೇಷಣದ ನಿಜವಾದ ಅರ್ಥವನ್ನು ನಿಘಂಟುಕಾರರಿಗಿಂತ ಅವರೇ ಚೆನ್ನಾಗಿ ವಿವರಿಸಿದರು.

ಹಳ್ಳಿಯನ್ನು ಹಾಡಿ ಹೊಗಳುವುದೇ ನಮ್ಮ ಉದ್ದೇಶವೆಂದು ಯಾರೂ ತಿಳಿಯಬಾರದು. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತಾ ಡಾಕ್ಟರ್ ಅಂಬೇಡ್ಕರ್ ಅವರು ಹಳ್ಳಿಯ ಸಂಕುಚಿತತೆ ಮತಭೇದಗಳನ್ನು ಕಠಿಣವಾಗಿ ಖಂಡಿಸಿದರು. ಹಳ್ಳಿಯಲ್ಲಿ ಹುಟ್ಟಿ ಹೊರಕೇರಿಯಲ್ಲಿ ಬೆಳೆದವರಿಗೆ ಆ ಮಾತಿನ ನಿಜಾಂಶವು ಗೊತ್ತು. ಆ ತಿಂಗಳ 22ನೆಯ ತಾರೀಖು ಕೆ. ಸಂತಾನಂ ಅವರ ಸೂಚನೆಯ ಮೇಲೆ ಗ್ರಾಮ ಪಂಚಾಯತಿಗಳ ವಿಧಿಯೂ ಸಂವಿಧಾನದಲ್ಲಿ ಸೇರಿತು. ಅದು ಇಂದಿನ ನಲವತ್ತನೆಯ ವಿಧಿ. ಗ್ರಾಮೀಣರೆಲ್ಲ ಒಂದೇ ವರ್ಗವೆಂದು ಹೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವೂ 1974ರಲ್ಲಿ ಉತ್ತರ ಪ್ರದೇಶದ ವೈದ್ಯ ಕಾಲೇಜುಗಳ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಹಳ್ಳಿಯಲ್ಲಿ ಉಳ್ಳವನೂ ಇದ್ದಾನೆ, ಇಲ್ಲದವನೂ ಇದ್ದಾನೆ. ಆದುದರಿಂದಲೇ ಒಂದು ಅಭಾವಸೂಚಕವಾದ ವಿಶೇಷಣದಿಂದ ಎಲ್ಲರನ್ನೂ ಒಟ್ಟಿಗೆ ಮುಚ್ಚುವುದು ಸಾಲದೆನ್ನುತ್ತೇವೆ. ಹಳ್ಳಿಯ ದೋಷವನ್ನು ತಿದ್ದಬೇಕಾದರೂ ಹಳ್ಳಿಯೆಂದರೇನೆಂಬುದು ಮೊದಲು ತಿಳಿದಿರಬೇಕಷ್ಟೆ.

ಆದಕಾರಣ ಅಧಿಕಾರಸ್ಥರಲ್ಲಿ ಮೂರು ವಿಜ್ಞಾಪನೆಗಳು. ಮೊದಲನೆಯದಾಗಿ, ಗ್ರಾಮ ಪಂಚಾಯತಿಯನ್ನು ಪಟ್ಟಣ ಪಂಚಾಯತಿಯಾಗಿ ಏರಿಸುವ ಮೊದಲು ಅದರಿಂದ ಬರುವುದೇನು ಹೋಗುವುದೇನು ಎಂಬ ಪಟ್ಟಿಯನ್ನು, ಶಾಲೆ, ಭೂಮಿ, ತೆರಿಗೆ, ಕೂಲಿ ಎಂಬ ನಾಲ್ಕು ಶೀರ್ಷಿಕೆಗಳಲ್ಲಿ ಕನ್ನಡದಲ್ಲಿ ಬರೆದು ಗ್ರಾಮಸಭೆಯ ಮುಂದಿಟ್ಟು ಅಭಿಪ್ರಾಯವನ್ನು ಪಡೆಯಬೇಕು. ಎರಡನೆಯದಾಗಿ, ಗ್ರಾಮೀಣ ವಿದ್ಯಾರ್ಥಿಯನ್ನು ಗುರುತಿಸುವಾಗ ಶಾಲೆಯ ಎಲ್ಲೆಯೊಂದನ್ನೇ ನೋಡದೆ ಮಗುವಿನ ಮನೆಯಿರುವ ಊರನ್ನೂ ನೋಡಬೇಕು. ಪ್ರೌಢಶಾಲೆಗಾಗಿ ಪಟ್ಟಣಕ್ಕೆ ನಡೆದವಳಿಗೆ ಅದು ಅಪರಾಧವಾಗಬಾರದು. ಮೂರನೆಯದಾಗಿ, ಜಿಲ್ಲೆಯ ಹೆಸರನ್ನು ಬದಲಾಯಿಸಲೇಬೇಕಾದರೆ ಆ ನೆಲದ ಹೆಸರನ್ನೇ ಇಡಲಿ. ದೇವನಹಳ್ಳಿಯೆಂದರೆ ಟಿಪ್ಪೂ ಸುಲ್ತಾನನ ಜನ್ಮಸ್ಥಳ, ದೊಡ್ಡಬಳ್ಳಾಪುರವೆಂದರೆ ನೇಯ್ಗೆ, ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ ಈ ಸೀಮೆಯಲ್ಲಿಯೇ ಹರಿಯುತ್ತದೆ. ಮಂತ್ರಿಗಳು ಸಭೆ ಸೇರಿದ ಬೆಟ್ಟದ ಬುಡದಲ್ಲಿ ಹೆಸರಿಗೆ ಬರಗಾಲವಿರಲಿಲ್ಲ.

ನಮ್ಮ ಕನ್ನಡದ ಹಳೆಯ ಮಾತೊಂದನ್ನು ಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇವೆ. ಊರೆಂಬ ಶಬ್ದಕ್ಕೆ ರೂರಲ್ ಅರ್ಬನ್ ಎಂಬ ಭೇದವಿಲ್ಲ. ಬೆಂಗಳೂರೂ ಊರು, ಮೈಸೂರೂ ಊರು, ಇಪ್ಪತ್ತು ಮನೆಯ ಹಟ್ಟಿಯೂ ಊರು. ಅಪರಿಚಿತರಿಬ್ಬರು ರೈಲಿನಲ್ಲಿ ಭೇಟಿಯಾದರೆ ನಿಮ್ಮದು ಯಾವ ಊರು ಎಂದು ಕೇಳುತ್ತಾರೆಯೇ ಹೊರತು ನೀವು ನಗರವೋ ಗ್ರಾಮಾಂತರವೋ ಎಂದು ಕೇಳುವುದಿಲ್ಲ. ಬೆಂಗಳೂರಿನ ಹೆಸರಿನ ಕೊನೆಯಲ್ಲಿಯೇ ಊರು ಇದೆ. ಅದನ್ನು ರಾಜಧಾನಿಯವರು ಮರೆಯದಿದ್ದರೆ, ಸಾಸಲು ಅವರಿಗೆ ಬೇರೊಂದು ಗ್ರಾಮವಾಗಿಯೂ ಉಳಿಯದು, ಬರೀ ಒಂದು ದಿಕ್ಕಾಗಿಯೂ ಕಾಣದು.